ಮೊದಲ ಸಲಕ್ಕೇ ‘ಹೂಂ’ ಅನ್ನುವುದು

ಮೊದಲ ಸಲ ಕೇಳಿದಾಗಲೇ ‘ಹೂಂ, ಕೊಡಿ’ ಎಂದವರು ನಮ್ಮ ವಂಶದಲ್ಲೇ ಇಲ್ಲ. ಮೈಸೂರಿನಲ್ಲಿ ಯಾರಾದರೂ ಕಾಫಿ ಕೊಡಲು ಬಂದರೆ ‘ಅಯ್ಯೋ, ಬೇಡ, ಈಗಷ್ಟೇ ಆಯಿತು’ ಎನ್ನಬೇಕು. ಅವರು ‘ಅರ್ಧ ಲೋಟ’ ಎಂದು ಬಲವಂತ ಮಾಡಬೇಕು. ಆಮೇಲೆ ತುಂಬಿದ ಲೋಟ ಬರಬೇಕು. ಷೋಡಶೋಪಚಾರದಲ್ಲಿ ಒಂದನ್ನೂ ಬೇಡ ಎನ್ನದವನು ದೇವರೊಬ್ಬನೇ. ಬಹುಶಃ ಅದಕ್ಕೇ ಅವನ ಕೆಲಸ ಎಂದೂ ಹೋಗಿಲ್ಲ.

ನನ್ನದು ಹೋಯಿತು. ಇಲ್ಲಿ ಅಮೆರಿಕದಲ್ಲಿ, ಮಿಲ್ಪಿಟಾಸ್ ಊರಿನ ಕಂಪನಿ ಕೈಬಿಟ್ಟ ಮೇಲೆ ನಿರುದ್ಯೋಗ ಭತ್ಯೆಯಲ್ಲೇ ಮನೆ ನಡೆಯುತ್ತಿತ್ತು. ಭತ್ಯೆ ಬೇಕಾದರೆ ಮರುಉದ್ಯೋಗ ಕೇಂದ್ರಕ್ಕೆ ಹೋಗಿ, ಅವರು ಹೇಳಿದ ತರಬೇತಿಗೆ ಸಿದ್ಧನಿರಬೇಕು. ಅಲ್ಲಿನ ಸಲಹೆಗಾರ್ತಿ ಲಿನ್ ಮೇಡಂ, ಚೀನೀ ಮೂಲದ ಹಿರಿಯರು, ಸಿಹಿಸುದ್ದಿಯನ್ನೇ ಹೇಳಿದರು: “ಆಸ್ಪತ್ರೆ ಯಂತ್ರಗಳ ರಿಪೇರಿ ಕಲಿಯೋಕೆ ಒಂದು ಜಾಗ ಇದೆ. ಮುಗಿದ ಮೇಲೆ ಅಲ್ಲೇ ಕೆಲಸ. ಬೇಕಾ?”

ನನಗೆ ಕುಣಿದಾಡುವಷ್ಟು ಖುಷಿ. ಬಾಯಿ ಮಾತ್ರ ಹೇಳಿತು: “ಛೆ, ಬೇಡ ಮೇಡಂ. ನನಗಿಂತ ಕಷ್ಟದಲ್ಲಿರೋರಿಗೆ ಕೊಡಿ.”

ಇನ್ನೊಮ್ಮೆ ಕೇಳುತ್ತಾರೆಂದು ಕಾದೆ. ಅವರು “ಸರಿ” ಎಂದು ಕಂಪ್ಯೂಟರಿನಲ್ಲಿ ಏನೋ ಒತ್ತಿದರು. ತಬ್ಬಿಬ್ಬಾಗಿ ಎದ್ದು ಬಂದೆ.

ಹೆಂಡತಿ ಸುಮಾ ತಲೆ ಚಚ್ಚಿಕೊಂಡಳು. “ರೀ, ಅದೇನು ನಮ್ಮಮ್ಮನ ಮನೇನಾ, ಅಳಿಯನ ಥರ ಉಪಚಾರ ಹೇಳಿಸ್ಕೊಳ್ಳೋಕೆ? ಟ್ರೇನಿಂಗು ಬೇಡ ಅಂದ್ರೆ ಬೆನಿಫಿಟ್ಟೂ ನಿಲ್ಸಿಬಿಡ್ತಾರೆ. ನಾಳೇನೇ ಹೋಗಿ ಕೇಳಿ!”

“ನಾನೇ ಬಾಯ್ಬಿಟ್ಟು ಕೇಳೋದಾ?”

“ಇಲ್ಲ, ಅವರೇ ಕುಂಕುಮ ಅಕ್ಷತೆ ಹಿಡ್ಕೊಂಡು ಕರೆಯೋಕೆ ಬರ್ತಾರೆ.”

ಊಟಕ್ಕೆ ಕೂತಾಗ ಪ್ರಾಕ್ಟೀಸು ಶುರುವಾಯಿತು. “ಸಾರು?” ಎಂದಳು. “ಸಾಕು” ಎಂದೆ. ಸೌಟು ಪಾತ್ರೆಗೆ ವಾಪಸು ಹೋಯಿತು. ಒಣ ಅನ್ನ ಕಲಸುತ್ತಾ ಯೋಚಿಸಿದೆ: ಇಲ್ಲಿ ಬೇಡ ಎಂದರೆ ಬೇಡ, ನಮ್ಮಲ್ಲಿ ಬೇಡ ಎಂದರೆ ಇನ್ನೊಮ್ಮೆ ಕೇಳಿ. ಹಾಗಾದರೆ ನಮ್ಮಲ್ಲಿ ನಿಜವಾಗಿಯೂ ಬೇಡದವನು ಏನನ್ನಬೇಕು? ಇಷ್ಟು ವರ್ಷ ಎಷ್ಟು ಜನಕ್ಕೆ ಬೇಡದ ಕಾಫಿ ಕುಡಿಸಿದ್ದೇನೋ! ಎಷ್ಟು ಯೋಚಿಸಿದರೂ ತಲೆಬುಡ ಹತ್ತಲಿಲ್ಲ.

ಮರುದಿನ ಲಿನ್ ಮೇಡಂ ಎದುರು ಬೆವರುತ್ತಾ ನಿಂತೆ. “ಆ ಜಾಗ ನನಗೆ ಬೇಕು ಮೇಡಂ. ತುಂಬಾ ಬೇಕು. ನಿನ್ನೆ ಬೇಡ ಅಂದಿದ್ದು ಬರೀ ಮರ್ಯಾದೆಗೆ.”

ಅವರು ನನ್ನನ್ನೇ ನೋಡಿ ನಕ್ಕುಬಿಟ್ಟರು. “ನಮ್ಮಮ್ಮನ ಮನೆಯಲ್ಲಿ ಮೂರು ಸಲ ಬೇಡ ಅನ್ನಬೇಕಿತ್ತು. ಈ ಕುರ್ಚಿಯಲ್ಲಿ ಕೂತು ಕೂತು ಮರೆತೇಬಿಟ್ಟಿದ್ದೆ.” ನಿನ್ನೆ ಒತ್ತಿದ್ದನ್ನು ಅಳಿಸಿದರು. “ಜಾಗ ಇನ್ನೂ ಇದೆ. ಸೋಮವಾರದಿಂದ ಹೋಗಿ.”

ನನಗೆ ಅಳುವೇ ಬಂತು. ಅದನ್ನು ಕಂಡೋ ಏನೋ, ಅವರು ಫ್ಲಾಸ್ಕು ತೆಗೆದು, “ಟೀ ಕುಡೀತೀರಾ?” ಎಂದರು.

“ಅಯ್ಯೋ, ಬೇಡ ಮೇಡಂ, ಈಗಷ್ಟೇ ಆಯಿತು.”

ಅವರು ಲೋಟದ ತುಂಬ ಬಗ್ಗಿಸಿದರು.