ಸೊಂಟಕ್ಕೆ ಸಿಕ್ಕಿಸಿದ ಫ್ಯೂಸ್

ನನ್ನ ಗಂಡ ಬಡಗಿ. ನಾನು ಅವರಿಗೆ ಹಲಗೆ ಹಿಡಿಯುವವಳು, ಬೈಯುವವಳು. ಅಜ್ಜಂಪುರದ ನಮ್ಮ ಶೆಡ್ಡಿಗೆ ಮರ ನುಣುಪು ಮಾಡುವ ಪ್ಲೇನರ್ ಮಷಿನ್ ಬಂದ ದಿನವೇ ಒಂದು ಕಟ್ಟಳೆ ಮಾಡಿದ್ದೆ: ಬ್ಲೇಡಿಗೆ ಕೈ ಹಾಕುವ ಮುಂಚೆ ಮಷಿನ್ನಿನ ಫ್ಯೂಸ್ ನನ್ನ ಸೊಂಟಕ್ಕೆ ಬರಬೇಕು. ಅವರ ಬೆರಳು ಹೋದರೆ ನಮ್ಮನೆ ಅನ್ನವೇ ಹೋದಂತೆ. ಅನ್ನದ ಮಾತು ಬಿಡಿ, ಆ ಬೆರಳುಗಳೆಂದರೆ ನನಗೆ ಪ್ರೀತಿ. ಹೇಳಿಕೊಳ್ಳೋಕೆ ನಾಚಿಕೆ ಏನು?

ಮೊನ್ನೆ ಬುಕ್ಕಾಂಬುಧಿಯವರೊಬ್ಬರ ಬಾಗಿಲಿಗೆ ಮಷಿನ್ನಿನಲ್ಲಿ ಹಲಗೆ ನುಣುಪು ಮಾಡುತ್ತಿದ್ದೆವು. ಮರದ ಮೇಲೆ ಗೆರೆ ಬೀಳತೊಡಗಿತು, ಬ್ಲೇಡ್ ಮೊಂಡಾಗಿತ್ತು. ಅಷ್ಟರಲ್ಲೇ ಕರೆಂಟ್ ಹೋಯಿತು. ಇವರಿಗೆ ಖುಷಿಯೋ ಖುಷಿ.

“ಒಳ್ಳೇದೇ ಆಯ್ತು ಕಣೇ. ಬರೋದ್ರೊಳಗೆ ಕಡೂರಲ್ಲಿ ಸಾಣೆ ಹಿಡಿಸಿದ್ ಬ್ಲೇಡ್ ಕೂರಿಸ್ಬಿಡ್ತೀನಿ.”

ನಾನು ಬೋರ್ಡಿನ ಕಡೆ ಹೋದೆ.

“ಲೇ, ಇಲ್ದೇ ಇರೋ ಕರೆಂಟ್‌ಗೆ ಫ್ಯೂಸ್ ಬೇರೆ ಕೀಳ್ತೀಯಾ? ತರೀಕೆರೇಲೂ ಇಲ್ವಂತೆ!”

“ಎಲ್ಲಾದ್ರೂ ಇರ್ಲಿ, ಬಿಡ್ಲಿ. ಬಾಯಿ ಮುಚ್ಕೊಂಡು ಸ್ಪ್ಯಾನರ್ ಹಿಡೀರಿ,” ಎಂದು ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅವರು ನಗುತ್ತಲೇ ಹಳೆ ಬ್ಲೇಡ್ ಬಿಚ್ಚಿದರು. ನಾನು ಬ್ರಷ್ಷಿನಿಂದ ಸಂದಿಯ ಹೊಟ್ಟು ತೆಗೆದೆ. ಅವರು ಸಾಣೆ ಹಿಡಿಸಿದ ಬ್ಲೇಡ್ ಕೂರಿಸಿ, ಮೇಜಿನ ಮೇಲೆ ನೇರವಾದ ಮರದ ಪಟ್ಟಿ ಇಟ್ಟು, ಬ್ಲೇಡಿರುವ ಉರುಳೆಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರು. ಬ್ಲೇಡಿನ ಎರಡೂ ತುದಿ ಪಟ್ಟಿಯನ್ನು ಒಂದೇ ಸಮ ಸವರಬೇಕು. ಎಡಗಡೆ ಚೂರು ಎತ್ತರವಾಗಿತ್ತು. ಬೆರಳಿಟ್ಟು ಒತ್ತಿ ಬೋಲ್ಟ್ ಬಿಗಿಮಾಡುತ್ತಿದ್ದರು.

ಫಕ್ಕನೆ ತಲೆ ಮೇಲಿನ ಬಲ್ಬ್ ಹತ್ತಿತು. ಪಕ್ಕದ ಹಿಟ್ಟಿನ ಗಿರಣಿ ಗುರ್ರೆಂದಿತು. ನಮ್ಮ ಮಷಿನ್ ಮಾತ್ರ ಅಲ್ಲಾಡಲಿಲ್ಲ.

ಇವರು ಬಲ್ಬ್ ನೋಡಿದರು. ಆಮೇಲೆ ಮಷಿನ್ನಿನ ಸ್ವಿಚ್ ನೋಡಿದರು. ಕರೆಂಟ್ ಹೋದಾಗ ಆನ್ ಇದ್ದದ್ದು ಹಾಗೇ ಇತ್ತು! ಮೆಲ್ಲಗೆ ಕೈ ಹೊರಗೆ ತೆಗೆದು ಸ್ವಿಚ್ ಆರಿಸಿದರು. ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಸೊಂಟದ ಫ್ಯೂಸ್ ಮುಟ್ಟಿ ನೋಡಿಕೊಂಡೆ.

“ಫ್ಯೂಸ್ ಕೊಡೇ,” ಎಂದರು, ಕೆಲಸ ಮುಗಿದ ಮೇಲೆ.

“ಮೊದ್ಲು ಕೈ ತೋರ್ಸಿ.”

ಇಸ್ಕೂಲು ಹುಡುಗನ ಹಾಗೆ ಎರಡೂ ಕೈ ಚಾಚಿದರು. ಹಿಡಿದುಕೊಂಡೆ. ನಗುವೂ ಬಂತು, ಅಳುವೂ ಬಂತು. ಸಂಜೆಯೊಳಗೆ ಬಾಗಿಲಿನ ಹಲಗೆಗಳು ಕನ್ನಡಿಯಂತಾದವು.

ರಾತ್ರಿ ನನ್ನನ್ನು ಒಲೆ ಮುಂದಿನಿಂದ ಎಬ್ಬಿಸಿ, “ಇವತ್ತು ನೀನು ಕೂತ್ಕೋ,” ಎಂದು ಅವರೇ ಮುದ್ದೆ ಕಟ್ಟಲು ನಿಂತರು. ಹುಟ್ಟಿದಾರಭ್ಯ ಕಟ್ಟಿದವರಲ್ಲ. ಅಯ್ಯೋ, ಅದರ ಅವತಾರವೇ! ದುಂಡಗಿಲ್ಲ, ನುಣುಪಿಲ್ಲ, ಮೈತುಂಬಾ ಬೆರಳಿನ ಗುರುತು. ತಟ್ಟೆ ತಿರುಗಿಸಿ ತಿರುಗಿಸಿ ಎಣಿಸಿದೆ. ಹತ್ತೂ ಇದ್ದವು. ಒಂದು ತುತ್ತೂ ಬಿಡದೆ ಉಂಡೆ.