ಕಿರುಚುತ್ತಿದ್ದ ಸ್ಕೂಟರ್

ಕುವೆಂಪುನಗರದಲ್ಲಿ ನನ್ನದೊಂದು ಸ್ಕೂಟರ್ ರಿಪೇರಿ ಅಂಗಡಿಯಿದೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬರು ದೇವರಾಜ ಮೊಹಲ್ಲಾದಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದರು. ಐವತ್ತು ದಾಟಿದ ಮೇಲೆ ಗಾಡಿ ಕಲಿತವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ.

ಸರ್ವಿಸ್ ಮಾಡಿಸಿಕೊಂಡು ಹೋದ ವಾರಕ್ಕೇ ಅವರು ವಾಪಸು ಬಂದರು. “ಇಂಜಿನ್ ಒಂದೇ ಸಮ ಕಿರುಚ್ಕೊಳ್ಳುತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ ಕಣ್ರೀ” ಎಂದರು.

ಅಂಗಡಿಯ ಮುಂದೆ ನಾಲ್ಕು ಜನ ಟೀ ಕುಡಿಯುತ್ತ ನಿಂತಿದ್ದರು. ನಾನು ಗಾಡಿಗೆ ಸ್ಟ್ಯಾಂಡ್ ಹಾಕಿ ಒಮ್ಮೆ ರೇಸ್ ಮಾಡಿದೆ ಅಷ್ಟೇ, ಬಿಚ್ಚಿ ನೋಡಲಿಲ್ಲ.

“ಗಾಡಿ ಸರಿಯಾಗೇ ಇದೆ ಅಕ್ಕ. ನೀವು ಬಟ್ಟೆ ಹಿಂಡ್ದಂಗೆ ಆಕ್ಸಿಲೇಟರ್ ಹಿಂಡ್ತೀರ. ಅದು ಕಿರುಚ್ದೆ ಇನ್ನೇನ್ ಮಾಡುತ್ತೆ?”

ನಾಲ್ವರೂ ನಕ್ಕರು. ಅಕ್ಕನೂ ನಗಲು ನೋಡಿ, ಆಗದೆ ತಲೆ ತಗ್ಗಿಸಿ ಹೊರಟರು. ಆಮೇಲೆ ಎರಡು ಮೂರು ಸಲ ಅವರನ್ನು ಬಸ್ ಸ್ಟಾಪಿನಲ್ಲಿ ಕಂಡೆ. ಗಾಡಿ ಎಲ್ಲಿ ಎಂದು ಕೇಳಲಿಲ್ಲ.

ತಿಂಗಳಾದ ಮೇಲೆ ಮಂಡಕಳ್ಳಿ ಕಡೆಯ ಗಿರಾಕಿಯೊಬ್ಬರು ಬಂದರು. ಅವರದೂ ಅದೇ ಮಾದರಿಯ ಸ್ಕೂಟರ್. “ಪಿಕಪ್ ಜಾಸ್ತಿ ಮಾಡ್ಕೊಡಿ ಅಂದಿದ್ನಲ್ಲ, ಏನೂ ಬದಲಾಗ್ಲಿಲ್ವಲ್ಲ” ಎಂದರು.

ಗೇರಿಲ್ಲದ ಗಾಡಿಯಲ್ಲಿ ಬೆಲ್ಟನ್ನು ತಿರುಗಿಸುವ ಚಕ್ರದೊಳಗೆ ಸಣ್ಣ ಸಣ್ಣ ರೋಲರ್‌ಗಳಿರುತ್ತವೆ. ಅವುಗಳನ್ನು ಹಗುರ ಮಾಡಿದರೆ ಇಂಜಿನ್ ಹೆಚ್ಚು ಸುತ್ತುತ್ತದೆ, ಗಾಡಿ ಚುರುಕಾಗಿ ಎದ್ದು ಹೋಗುತ್ತದೆ. ತೀರಾ ಹಗುರವಾದರೆ ಬರೀ ಕಿರುಚಾಟ. ಇವರ ಒತ್ತಾಯಕ್ಕೆ ತೀರಾ ಹಗುರದ್ದನ್ನೇ ತರಿಸಿದ್ದೆ. ಬಿಚ್ಚಿ ನೋಡಿದರೆ ಒಳಗಿದ್ದದ್ದು ಮಾಮೂಲಿ ರೋಲರ್. ಅಕ್ಕನ ಗಾಡಿಯನ್ನೂ ಇದನ್ನೂ ಒಂದೇ ದಿನ ಬಿಚ್ಚಿದ್ದೆ, ರೋಲರ್‌ಗಳನ್ನು ಅದಲುಬದಲು ಮಾಡಿಬಿಟ್ಟಿದ್ದೆ.

ಅಕ್ಕನಿಗೆ ಫೋನ್ ಮಾಡಿ, ಫ್ರೀ ಸರ್ವಿಸ್ ಇದೆ ಎಂದು ಸುಳ್ಳು ಹೇಳಿ ಗಾಡಿ ತರಿಸಿಕೊಂಡೆ. ರೋಲರ್‌ಗಳನ್ನು ಸದ್ದಿಲ್ಲದೆ ಬದಲಾಯಿಸಿದೆ. ಅವರು ಒಂದು ಸುತ್ತು ಹೋಗಿ ಬಂದರು. ಮುಖ ಅರಳಿತ್ತು.

“ಅವತ್ತು ನೀವು ಹೇಳಿದ್ದು ಒಳ್ಳೇದೇ ಆಯ್ತು ಬುಡಿ. ಮನೆ ಮುಂದೆ ದಿನಾ ಕೈ ಸಡಿಲ ಬಿಡೋದನ್ನ ಅಭ್ಯಾಸ ಮಾಡ್ದೆ. ಈಗ ನೋಡಿ, ಸರಿಹೋಯ್ತು.”

ನಾನು “ಹೌದಕ್ಕ” ಎಂದೆ. ಮೊದಲು ಆಡಿದ ಮಾತಿಗಿಂತ ಆ ಹೌದೇ ನನ್ನನ್ನು ಹೆಚ್ಚು ಸುಟ್ಟಿತು.

ನಾಲ್ಕು ದಿನ ಕಳೆದು ಅವರ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಕ್ಕ ಹೊಲಿಗೆ ನಿಲ್ಲಿಸಿ ಕೇಳಿಸಿಕೊಂಡರು.

“ತಪ್ಪು ಯಾರಿಗಾದ್ರೂ ಆಗುತ್ತೆ. ಆದ್ರೆ ಅವತ್ತು ನಾಲ್ಕು ಜನದ ಮುಂದೆ ಅಂದ್ರಿ. ಇವತ್ತು ಯಾರೂ ಇಲ್ದಿರೋ ಹೊತ್ತು ನೋಡ್ಕೊಂಡು ಬಂದಿದೀರ.”

ನಿಜವೇ. ಗಿರಾಕಿಗಳು ಹೋಗಲಿ ಎಂದು ಎದುರು ಫುಟ್‌ಪಾತಿನಲ್ಲಿ ಅರ್ಧ ಗಂಟೆ ಕಾದಿದ್ದೆ.

ಅಕ್ಕ ಈಗ ಬೇರೆ ಕಡೆ ಸರ್ವಿಸ್ ಮಾಡಿಸುತ್ತಾರೆ. ದಾರಿಯಲ್ಲಿ ಸಿಕ್ಕರೆ ಗಾಡಿ ನಿಧಾನ ಮಾಡಿ “ಚೆನ್ನಾಗಿದೀರಾ?” ಎಂದು ಕೇಳುತ್ತಾರೆ. ನಾನು ತಲೆಯಾಡಿಸುತ್ತೇನೆ.