ಫರಸಿ, ಟೈಲ್ಸು ಮತ್ತು ಕೆಸರುಗಾಲು

ನೆಲದ ವಿಷಯದಲ್ಲಿ ನಾನು ಸ್ವಲ್ಪ ಜಂಬದ ಹೆಂಗಸು. ಬಂಗಾರ, ಸೀರೆ, ರಾಜಕೀಯ ಇವುಗಳ ಬಗ್ಗೆ ಯಾರು ಏನು ಹೇಳಿದರೂ ಒಪ್ಪಿಕೊಂಡು ಬಿಡುತ್ತೇನೆ. ನೆಲದ ಮಾತು ಬಂದರೆ ಮಾತ್ರ ಬಿಟ್ಟುಕೊಡುವುದಿಲ್ಲ. ಶಹಾಪುರದಲ್ಲಿ ಖಾನಾವಳಿ ನಡೆಸುವವಳು ನಾನು. ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಹೊತ್ತಿಗೆ ತಕ್ಕಂತೆ ಯಾವ ನೆಲ ಎಷ್ಟು ಕಾಯುತ್ತದೆ, ಎಷ್ಟು ತಣಿಯುತ್ತದೆ, ಒದ್ದೆಯಾದಾಗ ಯಾವುದು ಕಾಲು ಹಿಡಿಯುತ್ತದೆ, ಯಾವುದು ಕೈಬಿಡುತ್ತದೆ ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಹಾಗೆಂದು ನಾನು ನಂಬಿಕೊಂಡಿದ್ದೆ. ನನ್ನ ಪಾಲುದಾರಳು ರೆಹಾನಾ ನಂಬಿರಲಿಲ್ಲ.

ಒಲೆ, ರೊಟ್ಟಿ, ಪುಂಡಿಪಲ್ಯ ನನ್ನ ಪಾಲಿನವು. ಗಿರಾಕಿ, ಗಲ್ಲೆಯ ದುಡ್ಡು, ಮಾತುಕತೆ ಅವಳ ಪಾಲಿನವು. ಈ ಹಂಚಿಕೆಯಲ್ಲಿ ಒಂದು ದಿನವೂ ತಕರಾರು ಬಂದಿರಲಿಲ್ಲ. ಹಳೆಯ ಬಾಡಿಗೆ ಜಾಗ ಬಿಟ್ಟು ಮಾರುಕಟ್ಟೆಯ ಹತ್ತಿರ ನಮ್ಮದೇ ಜಾಗ ಮಾಡಿಕೊಂಡಾಗ ಮಾತ್ರ, ಗೋಡೆ ಎದ್ದು, ಮೇಲೆ ಛಾವಣಿ ಬಂದು, ನೆಲದ ಹತ್ತಿರ ಬಂದು ಇಬ್ಬರೂ ನಿಂತುಬಿಟ್ಟೆವು.

ನನ್ನದು ಶಹಾಬಾದಿ ಫರಸಿಯ ಪಕ್ಷ. ಬೂದು ಬಣ್ಣದ ಈ ಕಲ್ಲಿನ ಮೇಲೆ ನಮ್ಮ ಭಾಗದ ಜನ ಹುಟ್ಟಿ, ಅಂಬೆಗಾಲಿಟ್ಟು, ಉಂಡು, ಮಲಗಿ ದೊಡ್ಡವರಾಗಿದ್ದಾರೆ. ಮೇಲಾಗಿ ನಮ್ಮದು ಎರೆಮಣ್ಣಿನ ನೆಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಫರಸಿ ಕುಸಿದರೆ ಎತ್ತಿ, ಕೆಳಗೆ ಉಸುಕು ಹಾಕಿ, ಮತ್ತೆ ಕೂಡಿಸಬಹುದು. ಟೈಲ್ಸ್ ಒಡೆದರೆ ಒಡೆದಂತೆಯೇ.

"ಅಕ್ಕಾ, ನಿನ್ನ ಫರಸಿ ಬೆಳಕು ನುಂಗತದ," ಎಂದಳು ರೆಹಾನಾ. "ಬಸ್ ಇಳಿದ ಹೆಣ್ಮಕ್ಕಳು ಬಾಗಲದಾಗ ನಿಂತು ಇಣುಕ್ತಾರ. ಒಳಗ ಕತ್ತಲಿ ಕಂಡ್ರ ಹೊಳ್ಳಿ ಹೋಗ್ತಾರ. ಹಳೇ ಜಾಗದಾಗ ನಾ ದಿನಾ ನೋಡೀನಿ."

ಈ ಮಾತು ನಿಜವಿತ್ತು. ನಿಜವಿದ್ದದ್ದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

ಯಾದಗಿರಿಗೆ ಹೋದೆವು. ಟೈಲ್ಸ್ ಅಂಗಡಿಯ ಹುರುಪಿನ ಮಾಲೀಕ ಒಂದು ಬಿಳಿ ಟೈಲನ್ನು ನಮ್ಮೆದುರು ನಿಲ್ಲಿಸಿ, "ಮುಖಾ ನೋಡ್ಕೋಬಹುದು ನೋಡ್ರಿ ಇದ್ರಾಗ" ಎಂದ. ನೋಡಿಕೊಂಡೆ. ಕೆಳಗಿನಿಂದ ನೋಡಿದರೆ ನನ್ನ ಗದ್ದದ ಕೆಳಗೆ ಇನ್ನೊಂದು ಗದ್ದ ಇರುವುದು ಅಂದೇ ತಿಳಿಯಿತು. "ಮುಖಾ ನೋಡ್ಕೊಳ್ಳಾಕ ಮನ್ಯಾಗ ಕನ್ನಡಿ ಅದ" ಎಂದು ಹೇಳಿ ಹೊರಗೆ ಬಂದೆ. ಗುರುಮಠಕಲ್ ರಸ್ತೆಯ ಕಲ್ಲಿನ ಅಡ್ಡೆಗೆ ಹೋದಾಗ ರೆಹಾನಾಳ ಸರದಿ. "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತದಮ್ಮಾ ಇದು" ಎಂದ ವ್ಯಾಪಾರಿಗೆ ಅವಳು, "ಮೊಮ್ಮಕ್ಕಳು ಉಣ್ಣಾಕ ಬರತನಕ ನಮ್ಮ ಖಾನಾವಳಿ ಇರಬೇಕಲ್ರಿ" ಎಂದುಬಿಟ್ಟಳು. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಬೇರೆ ಬೇರೆ ಕಡೆ ಮುಖ ಮಾಡಿಕೊಂಡು ಬಂದೆವು.

ಆಮೇಲೆ ಕೆಲವು ದಿನ ನಮ್ಮಲ್ಲಿ ಮಾತು ತೀರ ಕಡಿಮೆಯಾಯಿತು. ಹೊಸ ಜಾಗ ಬಾಗಿಲು ಹಾಕಿಕೊಂಡು ಕೂತಿತ್ತು. ಜೊತೆ ಕೆಲಸವೇ ಬೇಡವಾದೀತೇನೋ ಎಂಬ ಹೆದರಿಕೆ ಇಬ್ಬರಿಗೂ ಹತ್ತಿತು. ಕೊನೆಗೆ ದೇಶ ಹಂಚಿಕೊಂಡವರ ಹಾಗೆ ರಾಜಿ ಮಾಡಿಕೊಂಡೆವು. ಅಡುಗೆಮನೆಗೆ ನನ್ನ ಫರಸಿ, ಊಟದ ಹಾಲಿಗೆ ಅವಳ ಟೈಲ್ಸು.

ಖಾನಾವಳಿ ಶುರುವಾಯಿತು. ಊಟದ ಹಾಲ್ ಬೆಳ್ಳಗೆ ಹೊಳೆಯಿತು, ಬಸ್ ಇಳಿದ ಹೆಣ್ಣುಮಕ್ಕಳು ನಿಜವಾಗಿಯೂ ಒಳಗೆ ಬಂದರು. ನಾನು ಒಲೆಯ ಮುಂದೆ ಬಿಗಿದ ಮುಖ ಹೊತ್ತು ಕೂತಿದ್ದೆ.

ನಂತರ ಹತ್ತಿಯ ಹಂಗಾಮು ಬಂತು, ಅದರ ಹಿಂದೆಯೇ ಅಕಾಲದ ಮಳೆ. ಗಾಡಿಯಲ್ಲಿದ್ದ ಹತ್ತಿಗೆ ತಾಡಪತ್ರಿ ಹೊದಿಸಿ ರೈತರು ಹಸಿದು ಊಟಕ್ಕೆ ಬಂದರು. ಬಂದವರು ಬಾಗಿಲಲ್ಲೇ ನಿಂತರು. ಮೊಣಕಾಲವರೆಗೆ ಎರೆಮಣ್ಣು ಮೆತ್ತಿತ್ತು. ಹಳೆಯ ಜಾಗದಲ್ಲಿ ಕೇಳದೆ ಬಂದು ಕೂರುತ್ತಿದ್ದ ಶರಣಪ್ಪ ಒಳಗೊಮ್ಮೆ ನೋಡಿ, "ಕಾಲೆಲ್ಲಾ ಕೆಸರಾಗ್ಯಾವ್ರಿ ಯಕ್ಕಾ. ಒಳಗ ಬರಂಗಿಲ್ಲ. ಇಲ್ಲೇ ಕೈಯಾಗ ಎರಡು ರೊಟ್ಟಿ ಕೊಡ್ರಿ, ನಿಂತು ಉಣ್ತೀವಿ," ಎಂದ. ಅವನ ಹಿಂದಿದ್ದವರೂ ತಲೆಯಾಡಿಸಿದರು. ಮಳೆ ಅವರ ಬೆನ್ನ ಮೇಲೆ ಬೀಳುತ್ತಲೇ ಇತ್ತು.

ನಾನು ರೆಹಾನಾಳ ಮುಖ ನೋಡಿದೆ. ನಿನ್ನ ನೆಲ ನಮ್ಮ ಜನರನ್ನೇ ಹೊರಗೆ ನಿಲ್ಲಿಸಿತಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಅವಳು ಗಲ್ಲೆ ಬಿಟ್ಟು ಎದ್ದಳು. ಚಪ್ಪಲಿ ಕಳಚಿ, ಸೆರಗು ಸಿಕ್ಕಿಸಿ, ಮೆಟ್ಟಿಲಿಳಿದು ನೇರವಾಗಿ ಕೆಸರಿಗೆ ಕಾಲಿಟ್ಟಳು. ಗೋಡೆ ಕಟ್ಟುವ ಮಣ್ಣು ತುಳಿಯುವಂತೆ ಚೆನ್ನಾಗಿ ತುಳಿದಳು. ಹಾಗೆಯೇ ಮೇಲೆ ಬಂದು, ದಿನಾ ಬೆಳಿಗ್ಗೆ ತಾನೇ ಒರೆಸುತ್ತಿದ್ದ ಆ ಬಿಳಿ ನೆಲದ ಮೇಲೆ ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ನಡೆದಳು. ಕಪ್ಪು ಹೆಜ್ಜೆಗಳು ಒಂದರ ಹಿಂದೊಂದು ಮೂಡಿದವು. ಅಲ್ಲಿಂದ ತಿರುಗಿ, "ಹೊಲಸಾತು, ನೋಡ್ರಿ. ಇನ್ನ ನೀವೇನು ಹೊಸದಾಗಿ ಹೊಲಸ ಮಾಡಂಗಿಲ್ಲ. ಬರ್ರಿ ಒಳಗ, ರೊಟ್ಟಿ ಆರಾಕತ್ಯಾವ," ಎಂದಳು.

ಮೊದಲು ಶರಣಪ್ಪ ನಕ್ಕ. ಆಮೇಲೆ ಎಲ್ಲರೂ ನಕ್ಕರು, ಒಳಗೆ ಬಂದರು. ಆ ಮಧ್ಯಾಹ್ನ ನಾನು ಬಡಿದಷ್ಟು ರೊಟ್ಟಿ ಹಿಂದೆಂದೂ ಬಡಿದಿರಲಿಕ್ಕಿಲ್ಲ.

ಅವರು ಹೋದ ಮೇಲೆ ರೆಹಾನಾ ಒದ್ದೆ ಬಟ್ಟೆಯಿಂದ ಎಳೆದೆಳೆದು ಒರೆಸಿದಳು. ನೆಲ ಮತ್ತೆ ಹೊಳೆಯಿತು. "ನಿನ್ನ ಫರಸಿ ಇದ್ದಿದ್ರ ಸಂದಿನಾಗಿನ ಮಣ್ಣು ತಗ್ಯಾಕ ಸಂಜೀತನಕ ತಿಕ್ಕಬೇಕಿತ್ತು," ಎಂದಳು. ಅಡುಗೆಮನೆಯಲ್ಲಿ ನನ್ನ ಫರಸಿ ಕುಡಿದು ಕೂತಿದ್ದ ಅರಿಶಿಣದೆಣ್ಣೆಯ ಕಲೆ ನನ್ನ ಕಣ್ಣೆದುರಿಗೇ ಇತ್ತು. ಅವಳ ತಾಟಿಗೆ ಬಿಸಿ ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟೆ.

ಬೇಸಿಗೆಯಲ್ಲಿ ಕೆಳಗಿನ ಮಣ್ಣು ತನ್ನ ಗುಣ ತೋರಿಸಿತು. ಬಾಗಿಲ ಬಳಿಯ ಒಂದು ಟೈಲು ಸೀಳಿತು. ನನಗೆ ಆ ಹೊತ್ತು ಒಳಗೊಳಗೇ ಹಬ್ಬ. ಆದರೆ ಅಂಥದೇ ಬಣ್ಣದ ಟೈಲು ಎಲ್ಲೂ ಸಿಗದಾಗ, "ಅಡಗಿಮನ್ಯಾಗ ಹಾಕಿ ಉಳಿದ ನಿನ್ನ ಫರಸಿ ಒಂದು ಹಾಕ್ಸು" ಎಂದವಳು ರೆಹಾನಾಳೇ. ಈಗ ಹಾಲ್‌ನ ಬೆಳ್ಳನೆ ನೆಲದಲ್ಲಿ ಬಾಗಿಲ ಬಳಿ ಒಂದೇ ಒಂದು ಬೂದು ಕಲ್ಲಿದೆ. ಹೊಸ ಗಿರಾಕಿಗಳು ಅದನ್ನು ಡಿಸೈನ್ ಎಂದುಕೊಳ್ಳುತ್ತಾರೆ. ನಾವು ತಿದ್ದಲು ಹೋಗುವುದಿಲ್ಲ.

ಇಷ್ಟೆಲ್ಲ ಅನುಭವವಾದ ಮೇಲೆ ಜನ ನಮ್ಮನ್ನು ಸಲಹೆ ಕೇಳುವುದು ಸಹಜ. ಸುರಪುರದಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬ ಕಾಳಿನ ವ್ಯಾಪಾರಿ ಊಟಕ್ಕೆ ಬಂದಾಗ, ಯಾವ ನೆಲ ಬಾಳುತ್ತದೆ ಎಂದು ಕೇಳಿದರು. ರೆಹಾನಾ ಟೈಲ್ಸಿನ ಗುಣ ಹಾಡಿದಳು. ನಾನು ಫರಸಿಯ ಗುಣ ಹಾಡಿದೆ. ಅವರು ಇಬ್ಬರ ಮಾತನ್ನೂ ಗಮನವಿಟ್ಟು ಕೇಳಿ, ಹೋಗಿ ಗ್ರಾನೈಟ್ ಹಾಕಿಸಿದರು.

ಗೃಹಪ್ರವೇಶಕ್ಕೆ ಪ್ರೀತಿಯಿಂದ ಕರೆದರು, ಇಬ್ಬರೂ ಹೋದೆವು. ಕಲೆ ಬಿದ್ದೀತೆಂದು ಇಡೀ ಮನೆಗೆ ಗೋಡೆಯಿಂದ ಗೋಡೆಗೆ ಜಮಖಾನೆ ಹಾಸಿದ್ದರು. ಕೂತೆವು, ಉಂಡೆವು, ಮನೆ ಬಹಳ ಚೆನ್ನಾಗಿದೆ ಎಂದು ಹೇಳಿ ಬಂದೆವು. ಗ್ರಾನೈಟಿನ ಬಣ್ಣ ಯಾವುದೆಂದು ನಮಗಿನ್ನೂ ಗೊತ್ತಿಲ್ಲ.